ಕಾವಿನ ಉದ್ದ

ಗಿಂಡಿಯ ಕುದುರೆಪಂದ್ಯದ ಮೈದಾನ ಚೆನ್ನೈಯ ಬಹುಪಾಲು ಕನ್ನಡಿಗರಿಗೆ ಗೋಡೆಯಾಚೆಗಿನ ಹಸಿರು ಮಾತ್ರ. ಹದಿನೆಂಟನೆಯ ಶತಮಾನದ ಕೊನೆಯ ದಶಕಗಳಿಂದ ಕುದುರೆಗಳು ಓಡಿದ ನೆಲ ಅದು. ಓಟದ ಪಥದ ನಡುವಿನ ಬಯಲಿನಲ್ಲಿ, 1884ರಲ್ಲಿ ಹುಟ್ಟಿದ ಮದ್ರಾಸ್ ಜಿಮ್ಖಾನಾ ಕ್ಲಬ್ಬು ತನ್ನ ಗಾಲ್ಫ್ ಅಂಗಳವನ್ನು ಹರಡಿಕೊಂಡಿತ್ತು. ಆ ಆಟವನ್ನು ನಾನು ಆಡಿದವನಲ್ಲ. ಆದರೆ ನನ್ನ ಸೋದರಮಾವನವರು ನಿವೃತ್ತಿಯ ನಂತರ ವಾರಕ್ಕೆರಡು ಬೆಳಗು ಅಲ್ಲಿ ಆಡುತ್ತಿದ್ದರು. ಕೆಲವು ಭಾನುವಾರಗಳಲ್ಲಿ ಅವರ ಜೊತೆಗೆ ನಡೆಯುವ ಕೆಲಸ ನನ್ನದಾಗಿತ್ತು.

ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಅವರಿಗೆ ಒಂದು ಚಿಂತೆ ಹತ್ತಿತು. ಮೊದಲ ಹೊಡೆತದ ಚೆಂಡು ವರ್ಷವರ್ಷಕ್ಕೂ ಹತ್ತಿರದಲ್ಲೇ ಬೀಳತೊಡಗಿತ್ತು. ಅಂಗಡಿಯವರೊಬ್ಬರು ಅದಕ್ಕೆ ಪರಿಹಾರವೆಂದು 46 ಇಂಚು ಉದ್ದದ ಹೊಸ ಡ್ರೈವರನ್ನು ಮಾರಿದರು. ಕೋಲು ಉದ್ದವಾದಷ್ಟೂ ತಲೆ ವೇಗವಾಗಿ ತಿರುಗುತ್ತದೆ, ಕಳೆದುಹೋದ ಗಜಗಳು ಮರಳಿ ಬರುತ್ತವೆ ಎಂಬುದು ಅವರು ಕೊಟ್ಟ ಭರವಸೆ. ಮೂರು ತಿಂಗಳಲ್ಲಿ ಆದದ್ದು ಬೇರೆ. ಚೆಂಡು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ. ಒಮ್ಮೆ ಹುಲ್ಲನ್ನು ಸವರಿಕೊಂಡು ಹೋಯಿತು. ಒಂದು ಬೆಳಗ್ಗೆ ಅವರು ಚೀಲವನ್ನು ಕಾರಿನಲ್ಲಿಟ್ಟು, "ಇನ್ನು ಸಾಕು ಕಣೋ. ಆಡೋದು ಬಿಟ್ಟು ಕಥೆ ಹೇಳ್ಕೊಂಡು ಕೂತ್ಕೋತೀನಿ" ಎಂದರು. ಇಂಗ್ಲಿಷ್ ಎಂ.ಎ. ಓದಿದವನಾದ ನನಗೆ ಪಿ. ಜಿ. ವೋಡ್‌ಹೌಸ್‌ನ ಗಾಲ್ಫ್ ಕಥೆಗಳ ಹಿರಿಯ ಸದಸ್ಯ ನೆನಪಾದ: ಆಟ ಬಿಟ್ಟು, ಕ್ಲಬ್ಬಿನ ಜಗಲಿಯಲ್ಲಿ ಕುಳಿತು, ಸಿಕ್ಕವರಿಗೆಲ್ಲ ಕಥೆ ಹೇಳುವ ಮುದುಕ. ಪುಸ್ತಕದಲ್ಲಿ ಆತ ನಗಿಸುತ್ತಾನೆ. ಮಾವನವರ ಬಾಯಲ್ಲಿ ಆ ಮಾತು ಕೇಳಿದಾಗ ನಗು ಬರಲಿಲ್ಲ. ಕೋಲಿನ ಉದ್ದದ ಚರಿತ್ರೆಯನ್ನು ನಾನು ಹುಡುಕತೊಡಗಿದ್ದು ಆಗ.

ಆ ಕೋಲಿಗೆ ಇಂಗ್ಲಿಷಿನಲ್ಲಿ ಶಾಫ್ಟ್ ಎನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಹೊಂದುವ ಮಾತು ಹಳೆಯದೇ ಇದೆ: ಕಾವು. ಕೊಡಲಿಗೆ ಕಾವು, ಗುದ್ದಲಿಗೆ ಕಾವು. ಗಾದೆಯಲ್ಲಿ ಕುಲಕ್ಕೆ ಸಾವು ತಂದ ಕಾವೂ ಇದೇ. ನಮ್ಮೂರಿನ ಕಡೆ ಕಾವಿಗೆ ಜಾಲಿಯ ಗಟ್ಟಿತನವನ್ನೂ ತಡಸಲು ಮರದ ಬಾಗುವ ಗುಣವನ್ನೂ ಮೆಚ್ಚುತ್ತಿದ್ದರು. ಗುದ್ದಲಿಯ ಎಲೆ ಸಂತೆಯಲ್ಲಿ ಸಿಗುತ್ತಿತ್ತು, ಕಾವು ಸಂತೆಯದಲ್ಲ. ಹಿಡಿಯುವವನ ಎತ್ತರ, ಬಗ್ಗುವ ರೀತಿ, ಕೈಯ ಬಲ ನೋಡಿ ಅದನ್ನು ಕಡಿದು ಕೂರಿಸುತ್ತಿದ್ದರು. ಅಜ್ಜನ ಗುದ್ದಲಿಯನ್ನು ಮೊಮ್ಮಗ ಹಿಡಿದರೆ ಸೊಂಟ ನೋಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅಜ್ಜನಿಗೆ ವಯಸ್ಸಾದಾಗ ಕಾವನ್ನೂ ಬದಲಿಸುತ್ತಿದ್ದರು. ಗಾಲ್ಫ್ ಕೋಲಿನ ಮೊದಲ ನಾಲ್ಕು ಶತಮಾನಗಳ ಕಥೆ ಇದಕ್ಕಿಂತ ಬೇರೆಯಲ್ಲ.

1502ರಲ್ಲಿ ಸ್ಕಾಟ್ಲೆಂಡಿನ ದೊರೆ ನಾಲ್ಕನೆಯ ಜೇಮ್ಸ್ ಪರ್ತ್ ಪಟ್ಟಣದ ಬಿಲ್ಲುಗಾರನೊಬ್ಬನಿಂದ ಗಾಲ್ಫ್ ಕೋಲುಗಳನ್ನು ಕೊಂಡ ಲೆಕ್ಕ ಅರಮನೆಯ ಕಡತದಲ್ಲಿದೆ. ನೂರು ವರ್ಷದ ನಂತರ, 1603ರಲ್ಲಿ, ಆರನೆಯ ಜೇಮ್ಸ್ ದೊರೆ ವಿಲಿಯಂ ಮೇಯ್ನ್ ಎಂಬವನನ್ನು ಅರಮನೆಯ ಕೋಲುಗಾರನಾಗಿ ನೇಮಿಸಿದ. ಆತನೂ ಬಿಲ್ಲು ಮಾಡುವವನೇ. ಇದು ಆಕಸ್ಮಿಕವಲ್ಲ. ಯಾವ ತೋಳಿಗೆ ಎಷ್ಟು ಬಾಗುವ, ಎಷ್ಟು ಉದ್ದದ ಮರ ಬೇಕೆಂಬುದು ಬಿಲ್ಲುಗಾರನ ವಿದ್ಯೆಯ ತಿರುಳು. ಬಲವಿಲ್ಲದ ತೋಳಿಗೆ ಬಿಗಿಯಾದ ಬಿಲ್ಲು ಕೊಟ್ಟರೆ ಬಾಣ ದೂರ ಹೋಗುವುದಿಲ್ಲ.

ಮೊದಮೊದಲು ಕಾವಿಗೆ ಬಳಸುತ್ತಿದ್ದುದು ಯುರೋಪಿನ ಆಶ್ ಮುಂತಾದ ಮರಗಳನ್ನು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದಿಂದ ಹಿಕರಿ ಮರ ಬಂದು ಅವನ್ನು ಹಿಂದೆ ಹಾಕಿತು. ಹಿಕರಿ ಗಟ್ಟಿ, ಬಾಗುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ. ನಮ್ಮ ತಡಸಲಿನ ಗುಣದ್ದು. ಆದರೆ ಮರವೆಂದ ಮೇಲೆ ಒಂದರಂತೆ ಇನ್ನೊಂದಿಲ್ಲ. ಕೋಲುಗಾರ ಅದನ್ನು ಕೀಸುಳಿಯಿಂದ ಹೆರೆಯುತ್ತ, ನೆಲಕ್ಕೆ ಊರಿ ಬಗ್ಗಿಸಿ ನೋಡುತ್ತ, ಗಿರಾಕಿಯ ಕೈಗೆ ಕೊಟ್ಟು ಬೀಸಿಸುತ್ತ ಹದಕ್ಕೆ ತರುತ್ತಿದ್ದ. ಡ್ರೈವರಿನ ಉದ್ದ ಸಾಮಾನ್ಯವಾಗಿ 42ರಿಂದ 44 ಇಂಚಿನ ಆಸುಪಾಸಿನಲ್ಲಿತ್ತು. ಅದಕ್ಕಿಂತ ಹೆಚ್ಚಾದರೆ ಭಾರವೂ ತಿರುಚುವಿಕೆಯೂ ಕೈ ಮೀರುತ್ತಿದ್ದವು. ಉದ್ದಕ್ಕೆ ಮಿತಿ ಹಾಕುತ್ತಿದ್ದುದು ಮರವೇ. ಅದಕ್ಕೊಂದು ನಿಯಮ ಬರೆಯುವ ಅಗತ್ಯ ಯಾರಿಗೂ ಬಂದಿರಲಿಲ್ಲ.

ಈ ಮರದ ಕೋಲುಗಳೇ ಭಾರತಕ್ಕೂ ಬಂದವು. 1829ರಲ್ಲಿ ಆರಂಭವಾದ ಕಲ್ಕತ್ತೆಯ ಗಾಲ್ಫ್ ಕ್ಲಬ್ಬು ಬ್ರಿಟಿಷ್ ದ್ವೀಪಗಳ ಹೊರಗೆ ಅತ್ಯಂತ ಹಳೆಯದು. ಬೆಂಗಳೂರು ಗಾಲ್ಫ್ ಕ್ಲಬ್ಬು ಹುಟ್ಟಿದ್ದು 1876ರಲ್ಲಿ, ಮೈಸೂರು ಸೀಮೆ ಇನ್ನೂ ಕಮಿಷನರರ ಆಡಳಿತದಲ್ಲಿದ್ದಾಗ. ಮದ್ರಾಸಿನ ಆಟಗಾರರೂ ಬೆಂಗಳೂರಿನ ಆಟಗಾರರೂ ಹಿಡಿದದ್ದು ಹಿಕರಿಯ ಕಾವುಗಳನ್ನೇ. ಆಗ ಕೋಲುಗಳಿಗೆ ಅಂಕಿಗಳಿರಲಿಲ್ಲ, ಹೆಸರುಗಳಿದ್ದವು: ಬ್ರಾಸಿ, ಸ್ಪೂನ್, ಮ್ಯಾಶಿ, ನಿಬ್ಲಿಕ್. ಹೆಸರಿರುವ ವಸ್ತುವಿಗೆ ಒಂದು ವ್ಯಕ್ತಿತ್ವವೂ ಇರುತ್ತದೆ.

ಆ ವ್ಯಕ್ತಿತ್ವವನ್ನು ಕೊನೆಗಾಣಿಸಿದ್ದು ಉಕ್ಕು. ಟೊಳ್ಳು ಉಕ್ಕಿನ ಕಾವಿಗೆ ಅಮೆರಿಕದ ಗಾಲ್ಫ್ ಸಂಘ 1924ರಲ್ಲಿ ಒಪ್ಪಿಗೆ ಕೊಟ್ಟಿತು. ಸೇಂಟ್ ಆಂಡ್ರೂಸಿನ ಹಿರಿಯರು 1929ರವರೆಗೆ ತಡೆದರು. ವೇಲ್ಸಿನ ರಾಜಕುಮಾರ ಅವರದೇ ಅಂಗಳದಲ್ಲಿ ಉಕ್ಕಿನ ಕೋಲು ಹಿಡಿದು ಆಡಿದ ಮೇಲೆ ತಡೆಯುವುದು ಕಷ್ಟವಾಯಿತು ಎನ್ನುತ್ತಾರೆ. 1930ರಲ್ಲಿ ಬಾಬಿ ಜೋನ್ಸ್ ಒಂದೇ ವರ್ಷದಲ್ಲಿ ನಾಲ್ಕು ದೊಡ್ಡ ಪಂದ್ಯಗಳನ್ನು ಗೆದ್ದದ್ದು ಹಿಕರಿಯಿಂದ. ಮರುವರ್ಷ ಬಿಲ್ಲಿ ಬರ್ಕ್ ಅಮೆರಿಕದ ಓಪನ್ ಗೆದ್ದದ್ದು ಉಕ್ಕಿನಿಂದ. ಒಂದು ಯುಗ ಮುಗಿದು ಇನ್ನೊಂದು ತೆರೆದುಕೊಳ್ಳಲು ಒಂದೇ ವರ್ಷ ಸಾಕಾಯಿತು.

ಉಕ್ಕಿನ ಕಾವು ಕಾರ್ಖಾನೆಯ ಮಗು. ಒಂದರಂತೆ ಸಾವಿರ ಮಾಡಬಹುದು. ಹೆಸರುಗಳು ಹೋಗಿ ಅಂಕಿಗಳು ಬಂದವು. ಚೀಲದಲ್ಲಿ ಕೋಲುಗಳ ಸಂಖ್ಯೆ ಎಷ್ಟು ಏರಿತೆಂದರೆ 1938ರಲ್ಲಿ ಅಮೆರಿಕದಲ್ಲಿ, ಮರುವರ್ಷ ಬ್ರಿಟನ್ನಿನಲ್ಲಿ, 14ರ ಮಿತಿ ಹಾಕಬೇಕಾಯಿತು. ಡ್ರೈವರಿನ ಉದ್ದ 43 ಇಂಚಿಗೆ ನಿಂತಿತು. ತೋಳಿಗೆ ತಕ್ಕ ಕಾವು ಎಂಬುದರ ಜಾಗದಲ್ಲಿ ಸರಾಸರಿ ತೋಳು ಎಂಬ ಕಲ್ಪನೆ ಬಂದು ಕುಳಿತಿತು. ಆ ಸರಾಸರಿಗೆ ಹೊಂದದವರಿಗಾಗಿ ಕೆಲವು ಅಕ್ಷರಗಳು ಹುಟ್ಟಿದವು: ಬಿಗಿ ಕಾವಿಗೆ ಎಸ್, ಸಾಧಾರಣಕ್ಕೆ ಆರ್, ಹಿರಿಯರ ಮೆದು ಕಾವಿಗೆ ಎ, ಮಹಿಳೆಯರದಕ್ಕೆ ಎಲ್. ಆದರೂ ಉಕ್ಕಿಗೆ ಒಂದು ಪ್ರಾಮಾಣಿಕತೆಯಿತ್ತು. ಡ್ರೈವರಿನ ಕಾವೊಂದೇ ಸುಮಾರು 120 ಗ್ರಾಂ ತೂಗುತ್ತಿದ್ದುದರಿಂದ ಅದನ್ನು ಬೇಕೆಂದಷ್ಟು ಉದ್ದ ಮಾಡುವಂತಿರಲಿಲ್ಲ.

ಆ ತಡೆಯೂ ಹೋಯಿತು. 1969ರ ಸುಮಾರಿಗೆ ಫ್ರಾಂಕ್ ಥಾಮಸ್ ಎಂಬ ಎಂಜಿನಿಯರು ಅಮೆರಿಕದ ಶೇಕ್ಸ್‌ಪಿಯರ್ ಕಂಪನಿಯಲ್ಲಿ ಗ್ರಾಫೈಟ್ ಕಾವನ್ನು ರೂಪಿಸಿದರು. (ನಾಟಕಕಾರನಿಗೂ ಆ ಕಂಪನಿಗೂ ಸಂಬಂಧವಿಲ್ಲ, ಅದು ಮೀನಿನ ಗಾಳಗಳಿಗೆ ಹೆಸರಾದದ್ದು.) ಇಂದಿನ ಗ್ರಾಫೈಟ್ ಕಾವುಗಳು 50, 60 ಗ್ರಾಂ ತೂಗುತ್ತವೆ, ಹಿರಿಯರಿಗೆಂದು ಮಾಡಿದವು ಇನ್ನೂ ಹಗುರ. 1979ರಲ್ಲಿ ಟೇಲರ್‌ಮೇಡ್ ಮರದ ತಲೆಯ ಜಾಗಕ್ಕೆ ಲೋಹದ ತಲೆಯನ್ನು ತಂದಿತು. 1990ರ ದಶಕದಲ್ಲಿ ಟೈಟಾನಿಯಂ ಬಂದು ತಲೆ ಉಬ್ಬತೊಡಗಿತು. ಅದಕ್ಕೆ 460 ಘನ ಸೆಂಟಿಮೀಟರಿನ ಮಿತಿಯನ್ನು ಹಾಕಬೇಕಾಯಿತು. ಕಾವು ಹಗುರ, ತಲೆ ದೊಡ್ಡದು. ಇನ್ನು ಉದ್ದ ಮಾಡಲು ಅಡ್ಡಿಯೇನು? 43 ಇಂಚು 44 ಆಯಿತು, 45 ಆಯಿತು. ಈಗ ಅಂಗಡಿಯಲ್ಲಿ ತೂಗುಹಾಕಿರುವ ಡ್ರೈವರು ಸಾಮಾನ್ಯವಾಗಿ 45.5 ಇಂಚು ಅಥವಾ ಅದಕ್ಕೂ ಮೇಲೆ. ವೃತ್ತಿಪರ ಆಟಗಾರರಲ್ಲಿ ಅನೇಕರು ಹಿಡಿಯುವುದು ಇದಕ್ಕಿಂತ ಚಿಕ್ಕದನ್ನು. ವಿಚಿತ್ರವೆಂದರೆ ಇದೇ: ಬಲವೂ ಅಭ್ಯಾಸವೂ ಇರುವವನು ಗಿಡ್ಡ ಕೋಲು ಹಿಡಿಯುತ್ತಾನೆ, ಬಲ ಕುಗ್ಗಿದವನ ಕೈಗೆ ಉದ್ದದ ಕೋಲು ಬರುತ್ತದೆ.

ಉದ್ದಕ್ಕೆ ಇಂದಿನ ನಿಯಮದ ಮೇಲ್ಮಿತಿ 48 ಇಂಚು. 2022ರ ಜನವರಿಯಿಂದ ಉನ್ನತ ಮಟ್ಟದ ಸ್ಪರ್ಧೆಗಳಲ್ಲಿ 46 ಇಂಚಿನ ಮಿತಿಯನ್ನು ಹೇರಲು ಅವಕಾಶವಾಯಿತು. ಅದಕ್ಕೆ ಕೆಲವು ತಿಂಗಳ ಮೊದಲು, 2021ರ ಮೇ ತಿಂಗಳಲ್ಲಿ, ಫಿಲ್ ಮಿಕಲ್ಸನ್ ತನ್ನ ಐವತ್ತನೆಯ ವಯಸ್ಸಿನಲ್ಲಿ ಪಿಜಿಎ ಚಾಂಪಿಯನ್‌ಷಿಪ್ ಗೆದ್ದು, ಪ್ರಮುಖ ಪಂದ್ಯ ಗೆದ್ದವರಲ್ಲಿ ಅತ್ಯಂತ ಹಿರಿಯನಾದ. ಆತನ ಕೈಯಲ್ಲಿದ್ದದ್ದು 47.9 ಇಂಚಿನ ಡ್ರೈವರ್. ನನ್ನ ವಾದಕ್ಕೆ ಇದು ಎದುರು ಸಾಕ್ಷಿ, ಮರೆಮಾಚುವಂತಿಲ್ಲ. ಮಾವನವರೂ ಇದನ್ನೇ ಎತ್ತಿ ತೋರಿಸಿದ್ದರು. ಆದರೆ ಮಿಕಲ್ಸನ್ ವಯಸ್ಸಿನಲ್ಲಿ ಹಿರಿಯ, ಬೀಸಿನಲ್ಲಿ ಅಲ್ಲ. ದಿನವಿಡೀ ಅಭ್ಯಾಸ ಮಾಡುವ, ಯುವಕರ ವೇಗವನ್ನು ಉಳಿಸಿಕೊಂಡ ದೇಹ ಅದು. ಕಾವು ಕೇಳುವುದು ಜನ್ಮಪತ್ರಿಕೆಯನ್ನಲ್ಲ, ತೋಳಿನ ವೇಗವನ್ನು.

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ತಲೆಯ ವೇಗವೆಂದರೆ ತಿರುಗುವ ವೇಗವನ್ನು ತ್ರಿಜ್ಯದಿಂದ ಗುಣಿಸಿದ್ದು. ಕೋಲು ಉದ್ದವಾದರೆ ತ್ರಿಜ್ಯ ಹೆಚ್ಚುತ್ತದೆ ಎಂಬ ಅಂಗಡಿಯವರ ಮಾತು ಸುಳ್ಳಲ್ಲ. ಆದರೆ ಆ ತ್ರಿಜ್ಯದಲ್ಲಿ ತೋಳಿನ ಉದ್ದವೂ ಸೇರಿದೆ. ಹಾಗಾಗಿ 44.5 ಇಂಚನ್ನು 46 ಮಾಡಿದರೆ ಸಿಗುವ ಲಾಭ ಹೆಚ್ಚೆಂದರೆ ಶೇಕಡಾ 2ರಷ್ಟು. ಅದೂ ತಿರುಗುವ ವೇಗ ಕುಗ್ಗದಿದ್ದರೆ ಮಾತ್ರ. ಇತ್ತ ತಲೆಯನ್ನು ತಿರುಗಿಸಲು ಮಣಿಕಟ್ಟು ಎದುರಿಸಬೇಕಾದ ಜಡತೆ ಉದ್ದದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅದೇ ಒಂದೂವರೆ ಇಂಚಿಗೆ ಸುಮಾರು ಶೇಕಡಾ 7. ಯುವಕನ ಮಣಿಕಟ್ಟು ಅದನ್ನು ತಾಳಿಕೊಂಡೀತು. ಎಪ್ಪತ್ತು ದಾಟಿದವರ ಬೀಸು ಅಷ್ಟರಲ್ಲೇ ನಿಧಾನವಾಗುತ್ತದೆ.

ಇನ್ನೊಂದು ನಷ್ಟ ಇದಕ್ಕಿಂತ ದೊಡ್ಡದು. ಕೋಲು ಉದ್ದವಾದಷ್ಟೂ ಚೆಂಡು ತಲೆಯ ನಡುಭಾಗಕ್ಕೆ ತಾಗುವುದು ಅಪರೂಪವಾಗುತ್ತದೆ. ಗಂಟೆಗೆ 80 ಮೈಲಿ ವೇಗದ ತಲೆಯ ನಡುವಿಗೆ ತಾಗಿದ ಚೆಂಡು ಅದರ 1.45 ಪಟ್ಟು, ಎಂದರೆ 116 ಮೈಲಿ ವೇಗದಲ್ಲಿ ಚಿಮ್ಮಿತೆಂದುಕೊಳ್ಳಿ. ಉದ್ದದ ಕೋಲಿನಿಂದ ತಲೆಯ ವೇಗ 82ಕ್ಕೆ ಏರಿಯೂ ಚೆಂಡು ಅಂಚಿಗೆ ತಾಗಿ 1.38 ಪಟ್ಟಿಗಷ್ಟೇ ಚಿಮ್ಮಿದರೆ ಸಿಗುವುದು 113. ಕೋಲು ವೇಗವಾಯಿತು, ಚೆಂಡು ನಿಧಾನವಾಯಿತು, ದಿಕ್ಕೂ ಕೆಟ್ಟಿತು. ಮಾವನವರ ಮೂರು ತಿಂಗಳ ಕಥೆ ಈ ಮೂರು ಅಂಕಿಗಳಲ್ಲಿದೆ.

ಅಳತೆಯ ಮಾತು ಬಂದಾಗ ಗಿಂಡಿಯ ನೆಲವನ್ನು ಮರೆಯುವಂತಿಲ್ಲ. 1794ರಲ್ಲಿ ಮದ್ರಾಸಿನಲ್ಲಿ ಶುರುವಾದ ಭೂಮಾಪನ ಶಾಲೆಯೇ ಬೆಳೆದು, 1920ರಲ್ಲಿ ಇಲ್ಲಿಗೆ ಬಂದು ನೆಲೆಸಿ, ಗಿಂಡಿ ಎಂಜಿನಿಯರಿಂಗ್ ಕಾಲೇಜು ಎನಿಸಿದೆ. ಅದರ ಪಶ್ಚಿಮಕ್ಕೆ ಕಾಣುವ ಪರಂಗಿಮಲೈ ಬೆಟ್ಟದ ಬುಡದಲ್ಲಿ 1802ರ ಏಪ್ರಿಲ್ 10ರಂದು ವಿಲಿಯಂ ಲ್ಯಾಂಬ್ಟನ್ ಭಾರತದ ಮಹಾ ತ್ರಿಕೋನಮಿತಿ ಸಮೀಕ್ಷೆಯ ಮೊದಲ ಆಧಾರರೇಖೆಯನ್ನು ಅಳೆಯತೊಡಗಿದ. ಈತ ಮೂರು ವರ್ಷ ಮೊದಲು ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಟಿಪ್ಪುವಿನ ವಿರುದ್ಧ ಕಾದಿದವನು. ಮುಂದೆ 1804ರಲ್ಲಿ ಬೆಂಗಳೂರಿನ ಬಳಿಯೂ ಒಂದು ರೇಖೆಯನ್ನು ಅಳೆದ. ನೂರು ಅಡಿಯ ಉಕ್ಕಿನ ಸರಪಳಿಯಿಂದ ಏಳೂವರೆ ಮೈಲಿ ಅಳೆಯಲು ಆತನಿಗೆ ಹಿಡಿದದ್ದು 57 ದಿನ. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. ಆದ್ದರಿಂದ ಸರಪಳಿಯ ಪಕ್ಕದಲ್ಲಿ ಉಷ್ಣಮಾಪಕಗಳನ್ನಿಟ್ಟು ಪ್ರತಿ ಅಳತೆಯನ್ನೂ ತಿದ್ದುತ್ತಿದ್ದ. ಸರಪಳಿಯ ಮೇಲೆ ಬರೆದ ಉದ್ದ ಎಲ್ಲ ಹೊತ್ತಿನಲ್ಲೂ ಅದರ ನಿಜವಾದ ಉದ್ದವಲ್ಲ ಎಂಬ ಅರಿವು ಅದು. ಗಾಲ್ಫ್ ಕೋಲಿನ ಚೀಟಿಯ ಮೇಲೆ ಮುದ್ರಿಸಿದ ಉದ್ದವನ್ನೂ ಹೀಗೆಯೇ ಹಿಡಿಯುವ ಕೈಗೆ ತಕ್ಕಂತೆ ತಿದ್ದಿಕೊಳ್ಳಬೇಕು.

ಮಾವನವರ ಕೋಲನ್ನು ತಿದ್ದಲು ಹಾದಿ ತೋರಿದವರು ಅವರ ಚೀಲ ಹೊರುತ್ತಿದ್ದ ಕ್ಯಾಡಿ. ಮೂವತ್ತು ವರ್ಷಗಳಿಂದ ಅಂಗಳದಲ್ಲಿ ನಡೆದವರು. ಅವರು ಕೋಲಿನ ಮುಖಕ್ಕೆ ತೆಳುವಾಗಿ ಪೌಡರ್ ಬಳಿದು ಹತ್ತು ಚೆಂಡು ಹೊಡೆಸಿದರು. ಹತ್ತು ಗುರುತುಗಳೂ ಮುಖದ ತುಂಬ ಚೆದುರಿದ್ದವು; ನಡುವಿನಲ್ಲಿ ಎರಡೇ. ಆಮೇಲೆ, "ಸಾರ್, ಒಂದು ಇಂಚು ಕೆಳಗೆ ಹಿಡಿಯಿರಿ" ಎಂದು ತಮಿಳಿನಲ್ಲಿ ಹೇಳಿ ಇನ್ನೂ ಹತ್ತು ಹೊಡೆಸಿದರು. ಆರು ಗುರುತುಗಳು ಒಂದು ರೂಪಾಯಿ ನಾಣ್ಯದಗಲದಲ್ಲಿ ಕೂಡಿಕೊಂಡವು. ಒಂದೂವರೆ ಇಂಚು ಕೆಳಗೆ ಹಿಡಿದಾಗ ಏಳು. ಎರಡು ಇಂಚಿಗೆ ಹೋದಾಗ ಲಾಭ ನಿಂತಿತು. ಹಿಕರಿಯ ಕಾಲದ ಕೋಲುಗಾರ ಮಾಡುತ್ತಿದ್ದುದೂ ಇದನ್ನೇ: ಕೊಯ್ಯುವ ಮೊದಲು ಬೀಸಿ ನೋಡುವುದು.

ಕತ್ತರಿಸುವಾಗ ತಿಳಿದಿರಬೇಕಾದ ಸಂಗತಿಗಳು ಕೆಲವಿವೆ. ಉದ್ದವನ್ನು ಅಳೆಯುವುದು ಕೋಲನ್ನು ನೆಲದ ಮೇಲೆ ಇಟ್ಟು, ತಲೆಯ ತಳವನ್ನು 60 ಡಿಗ್ರಿ ಓರೆಯ ಪಟ್ಟಿಗೆ ಒತ್ತಿ, ಹಿಡಿಯ ತುದಿಯವರೆಗೆ. ಕತ್ತರಿಸಬೇಕಾದದ್ದು ಹಿಡಿಯ ಕಡೆಯಿಂದ. ತಲೆಯ ಕಡೆಯ ತುದಿಯನ್ನು ಕತ್ತರಿಸಿದರೆ ಕಾವು ಬಿಗಿಯಾಗುತ್ತದೆ, ನಿಧಾನದ ಬೀಸಿಗೆ ಬಿಗಿ ಕಾವು ಒಗ್ಗುವುದಿಲ್ಲ. ಹಿಡಿಯ ಕಡೆ ಕತ್ತರಿಸಿದರೂ ಬಿಗಿ ಸ್ವಲ್ಪ ಹೆಚ್ಚುವುದುಂಟು. ಗ್ರಾಫೈಟನ್ನು ಉಕ್ಕಿನ ಕೊಳವೆಯಂತೆ ಕಟರಿನಿಂದ ಹಿಸುಕಬಾರದು, ಸೀಳುತ್ತದೆ. ಟೇಪು ಸುತ್ತಿ ನಯವಾದ ಗರಗಸದಿಂದ ಕೊಯ್ಯಬೇಕು, ದೂಳು ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೊಳ್ಳಬೇಕು. ಗಿಡ್ಡವಾದ ಕೋಲಿನ ತಲೆ ಕೈಗೆ ಹಗುರವೆನಿಸುತ್ತದೆ. 1920ರ ದಶಕದಲ್ಲಿ ರಾಬರ್ಟ್ ಆಡಮ್ಸ್ ರೂಪಿಸಿದ ಬೀಸುತೂಕದ ತಕ್ಕಡಿಯಲ್ಲಿ ಅರ್ಧ ಇಂಚು ಕಡಿಮೆಯಾದರೆ ಮೂರು ಅಂಶ ಇಳಿಯುತ್ತದೆ. ತಲೆಗೆ ಎರಡು ಗ್ರಾಂ ಸೀಸ ಅಂಟಿಸಿದರೆ ಒಂದು ಅಂಶ ಏರುತ್ತದೆ. ಇಳಿದದ್ದನ್ನೆಲ್ಲ ತುಂಬಬೇಕೆಂದಿಲ್ಲ. ಮಾವನವರ ಕೋಲನ್ನು 44.5 ಇಂಚಿಗೆ ಇಳಿಸಿದ ಮೇಲೆ ಎಂಟು ಗ್ರಾಂ ಸೀಸ ಸಾಕಾಯಿತು. ಜೊತೆಗೆ ತಲೆಯ ಓರೆಯನ್ನು 12 ಡಿಗ್ರಿಗೆ ಏರಿಸಿದರು. ನಿಧಾನದ ಬೀಸಿಗೆ ಚೆಂಡನ್ನು ಗಾಳಿಯಲ್ಲಿ ಉಳಿಸಿಕೊಳ್ಳಲು ಓರೆ ಹೆಚ್ಚು ಬೇಕು.

ಕಳೆದುಹೋದ ಯೌವನದ ಗಜಗಳು ಮರಳಿ ಬಂದವೆಂದು ಬರೆದರೆ ಅದು ಜಾಹೀರಾತಾಗುತ್ತದೆ. ಅವರ ಅತ್ಯುತ್ತಮ ಹೊಡೆತ ಮೊದಲಿನಷ್ಟೇ ದೂರ ಹೋಗುತ್ತಿತ್ತು. ಬದಲಾದದ್ದು ಉಳಿದ ಹೊಡೆತಗಳು: ಚೆಂಡು ಹುಲ್ಲಿನ ಹಾದಿಯಲ್ಲೇ ಬೀಳುತ್ತಿತ್ತು, ಎರಡನೆಯ ಹೊಡೆತಕ್ಕೆ ಅದನ್ನು ಹುಡುಕಬೇಕಾಗುತ್ತಿರಲಿಲ್ಲ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾಗಿ ಮುಗಿಸಿದ್ದು ನೆನಪಿರಬಹುದು. ಅಲ್ಲಿ ಆಡಿದವರಲ್ಲಿ ಅತ್ಯಂತ ಕಡಿಮೆ ದೂರ ಹೊಡೆಯುವವರ ಪೈಕಿ ಅವರೊಬ್ಬರು. ಚೀಲ ಹೊತ್ತವರು ಅವರ ತಾಯಿ. ದೂರವಿಲ್ಲದೆಯೂ ಆಟ ಉಂಟು ಎಂಬುದಕ್ಕೆ ನನ್ನ ಮಾವನವರಿಗೆ ಆ ಹುಡುಗಿಗಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಮಿಕಲ್ಸನ್ ಹೆಸರು ಮತ್ತೆ ಅವರ ಬಾಯಲ್ಲಿ ಬರಲಿಲ್ಲ.

2024ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಸರಕಾರ ರೇಸ್ ಕ್ಲಬ್ಬಿನ ಗುತ್ತಿಗೆಯನ್ನು ರದ್ದುಪಡಿಸಿ ಸುಮಾರು 160 ಎಕರೆ ನೆಲವನ್ನು ವಶಕ್ಕೆ ತೆಗೆದುಕೊಂಡಿತು. ವಿವಾದ ನ್ಯಾಯಾಲಯ ಸೇರಿತು. ಮಳೆಗಾಲದಲ್ಲಿ ಮುಳುಗುವ ನಗರಕ್ಕೆ ಕೆರೆಯೂ ಬೇಕು, ಉದ್ಯಾನವೂ ಬೇಕು. ಆ ನ್ಯಾಯ ಅನ್ಯಾಯಗಳನ್ನು ತೂಗುವುದು ಈ ಬರಹದ ಕೆಲಸವಲ್ಲ. ಮಾವನವರು ಈಗ ನಗರದ ಇನ್ನೊಂದು ಅಂಗಳಕ್ಕೆ, ಗೆಳೆಯರೊಬ್ಬರ ಅತಿಥಿಯಾಗಿ, ತಿಂಗಳಿಗೊಮ್ಮೆ ಹೋಗುತ್ತಾರೆ. ಚೀಲದಲ್ಲಿ ಅದೇ ಗಿಡ್ಡ ಡ್ರೈವರ್ ಇದೆ.

ಕತ್ತರಿಸಿ ತೆಗೆದ ಒಂದೂವರೆ ಇಂಚಿನ ಕಪ್ಪು ಕೊಳವೆಯನ್ನು ಅವರು ಎಸೆದಿಲ್ಲ. ಮೇಜಿನ ಮೇಲೆ ಪೆನ್ನುಗಳ ಡಬ್ಬಿಯಲ್ಲಿದೆ. ಕಳೆದ ಯುಗಾದಿಗೆ ಹೋದಾಗ ಅದನ್ನು ಕೈಗೆತ್ತಿಕೊಂಡು ನೋಡುತ್ತಿದ್ದೆ. "ಅಜ್ಜನ ಗುದ್ದಲಿ ಕಾವನ್ನೂ ಕೊನೆಗೆ ಹೀಗೇ ಕೊಯ್ಸಿದ್ವಿ ಕಣೋ, ನೀನಾಗ ಚಿಕ್ಕವನು" ಎಂದರು. ಆಮೇಲೆ ಅಜ್ಜ ಎಷ್ಟು ವರ್ಷ ತೋಟಕ್ಕೆ ಹೋದರೆಂದು ಕೇಳಿದೆ. "ಒಂಬತ್ತು" ಎಂದು ಹೇಳಿ, ಶನಿವಾರದ ಆಟಕ್ಕೆ ಗೆಳೆಯರಿಗೆ ಫೋನು ಮಾಡಲು ಎದ್ದರು.